ಚಾಡ್ ದೇಶದ ನೀರುಗಂಟಿ

ನಮ್ಮ ಮನೆಯ ವಾಷಿಂಗ್ ಮೆಷಿನ್ನಿನ ಕೆಳಗೆ ಒಂದು ದೇಶವಿದೆ. ಮೆಷಿನ್ನಿನ ನಾಲ್ಕು ಕಾಲುಗಳಲ್ಲಿ ಒಂದು ತುಸು ಗಿಡ್ಡ. ಬಟ್ಟೆ ಹಿಂಡುವ ಹೊತ್ತಿಗೆ ಅದು ಮೈಮೇಲೆ ದೇವರು ಬಂದಂತೆ ಕುಣಿಯುತ್ತ ಬಚ್ಚಲು ಬಿಟ್ಟು ಅಡುಗೆಮನೆಯ ಕಡೆಗೆ ಹೊರಡುತ್ತಿತ್ತು. ಒಂದು ದಿನ ಸಿಟ್ಟು ಬಂದು, ಕೈಗೆ ಸಿಕ್ಕಿದ ದಪ್ಪ ರಟ್ಟನ್ನು ಮಡಚಿ ಆ ಕಾಲಿನಡಿ ತುರುಕಿದೆ. ಕುಣಿತ ನಿಂತಿತು. ಮೊನ್ನೆ ನೆಲ ಒರೆಸುವಾಗ ನೋಡುತ್ತೇನೆ, ರಟ್ಟಿನ ಅಂಚಿನಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಚಾಡ್’ ಎಂದಿದೆ. ಆಫ್ರಿಕಾದ ನಡುವಿನ ಒಂದು ಸ್ವತಂತ್ರ ದೇಶ ಲಗ್ಗೆರೆಯ ಮೂರನೇ ಮಹಡಿಯಲ್ಲಿ ನಮ್ಮ ಕೊಳೆ ಬಟ್ಟೆಯ ಭಾರ ಹೊತ್ತು ಕೂತಿದೆ. ವಿಶ್ವಸಂಸ್ಥೆಯವರಿಗೆ ಮಾತ್ರ ದಯವಿಟ್ಟು ಹೇಳಬೇಡಿ.

ರಟ್ಟು ನನ್ನ ಮಗಳು ಚೈತ್ರಾಳದ್ದು. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಮಾದರಿ ವಿಶ್ವಸಂಸ್ಥೆ ಎಂಬ ಸ್ಪರ್ಧೆಗೆ ಹೋಗಿದ್ದಳು. ನಾವು ಚಿಕ್ಕವರಿದ್ದಾಗ ಅಪ್ಪ-ಅಮ್ಮನ ಆಟ ಆಡುತ್ತಿದ್ದೆವಲ್ಲ, ಈಗಿನ ಮಕ್ಕಳು ಅಮೆರಿಕ-ರಷ್ಯಾ ಆಟ ಆಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ದೇಶ. ಕೋಟು ಹಾಕಿಕೊಂಡು, ದೇಶದ ಹೆಸರು ಬರೆದ ರಟ್ಟನ್ನು ಮುಂದಿಟ್ಟುಕೊಂಡು ದೊಡ್ಡ ಹಾಲಿನಲ್ಲಿ ಕೂತು, ಆ ದೇಶದ ಪರವಾಗಿ ಮಾತಾಡಿ, ಕೊನೆಗೆ ಎಲ್ಲರೂ ಸೇರಿ ಒಂದು ನಿರ್ಣಯ ಬರೆಯುತ್ತಾರೆ. ನಮ್ಮ ಆಟದಲ್ಲಾದರೆ ಮಣ್ಣಿನ ಅನ್ನ, ಎಲೆಯ ಪಲ್ಯ ಮಾಡಿದರೆ ಮುಗಿಯುತ್ತಿತ್ತು. ಇಲ್ಲಿ ಹಾಗಲ್ಲ. ಹೋಗುವ ಮೊದಲೇ ‘ಈ ವಿಷಯದಲ್ಲಿ ನಮ್ಮ ದೇಶದ ನಿಲುವು ಇಂಥದ್ದು’ ಎಂದು ಒಂದು ಪುಟ ಬರೆದು ಕಳಿಸಬೇಕು. ಅದಕ್ಕೆ ಪೊಸಿಷನ್ ಪೇಪರ್ ಎನ್ನುತ್ತಾರೆ.

ದೊಡ್ಡ ದೊಡ್ಡ ಶಾಲೆಗಳು ಅಮೆರಿಕ, ಚೀನಾ, ಫ್ರಾನ್ಸ್‌ಗಳನ್ನೆಲ್ಲ ಎತ್ತಿಕೊಂಡು ಹೋದ ಮೇಲೆ ನಾಗಸಂದ್ರದ ನಮ್ಮ ಶಾಲೆಗೆ ಉಳಿದದ್ದು ಚಾಡ್. ಸಂತೆ ಏಳುವ ಹೊತ್ತಿಗೆ ಹೋದವರ ಚೀಲಕ್ಕೆ ಬಾಡಿದ ಬದನೆಕಾಯಿ ಬೀಳುವ ಹಾಗೆ.

“ಚಾಡಾ? ಚಾಡಿ ಹೇಳೋ ದೇಶಾನಾ?” ಎಂದೆ ನಾನು.

“ಅಮ್ಮಾ, ಪ್ಲೀಸ್. ಕ್ಲಾಸಲ್ಲಿ ಆಗ್ಲೇ ಹನ್ನೊಂದು ಜನ ಈ ಜೋಕ್ ಮಾಡಾಯ್ತು.”

ಅವಳಪ್ಪ ದಿನಾ ಲಗ್ಗೆರೆಯಿಂದ ಜಿಗಣಿಗೆ ಕೆಲಸಕ್ಕೆ ಹೋಗುವವರು. ಅಂದರೆ ಆಯುಷ್ಯದ ಕಾಲು ಭಾಗವನ್ನು ಕಂಪನಿ ಬಸ್ಸಿನಲ್ಲೇ ಕಳೆದವರು. ಗೋಳದಲ್ಲಿ ಚಾಡ್ ಎಲ್ಲಿದೆಯೆಂದು ನೋಡಿ, “ಪರವಾಗಿಲ್ಲ, ಜಿಗಣಿಗಿಂತ ಬೇಗ ತಲುಪ್ಬೋದು” ಎಂದು ಹೇಳಿ ಮಲಗಿಬಿಟ್ಟರು. ಹೀಗಾಗಿ ಚಾಡ್ ದೇಶದ ವಿದೇಶಾಂಗ ಖಾತೆ ನನ್ನ ಪಾಲಿಗೆ ಬಂತು.

ನಾನು ಸುಮ್ಮನೆ ಕೂರಬಹುದಿತ್ತು. ಆದರೆ ಹೈಸ್ಕೂಲಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಲಿ. ಮಧುಗಿರಿಯಲ್ಲಿ ‘ಹಳ್ಳಿ ಮೇಲೋ ಪಟ್ಟಣ ಮೇಲೋ’ ಎಂಬ ವಿಷಯದ ಮೇಲೆ ಮಾತಾಡಿ ಸ್ಟೀಲಿನ ಲೋಟ ಗೆದ್ದವಳು. ಬೆಳಿಗ್ಗೆ ಚೀಟಿ ಎತ್ತಿದಾಗ ಹಳ್ಳಿ ಬಂದಿತ್ತು, ಹಳ್ಳಿಗಾಗಿ ಕಣ್ಣೀರು ಹಾಕಿದೆ. ಮಧ್ಯಾಹ್ನ ಅಂತಿಮ ಸುತ್ತಿನಲ್ಲಿ ಪಟ್ಟಣ ಬಂತು, ಅದೇ ಕಣ್ಣೀರನ್ನು ಪಟ್ಟಣಕ್ಕೆ ವರ್ಗಾಯಿಸಿದೆ. ತೀರ್ಪುಗಾರರು ಬೇರೆಯವರಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ನನಗೂ ಆ ದಿನ ಏನೂ ಅನಿಸಲಿಲ್ಲ, ಲೋಟದಲ್ಲಿ ನನ್ನ ಮುಖ ಅಗಲವಾಗಿ ಕಾಣುತ್ತದೆ ಎಂಬುದೊಂದನ್ನು ಬಿಟ್ಟರೆ.

ಅದಲ್ಲದೆ ನನ್ನ ಉದ್ಯೋಗವೂ ಅಂಥದ್ದೇ. ಪೀಣ್ಯದಲ್ಲಿ ನೀರಿನ ಪಂಪಿಗೆ ವಾಲ್ವ್ ಮಾಡುವ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೇನೆ. ಗಿರಾಕಿಗಳು ‘ನಿಮ್ಮ ವಾಲ್ವ್ ಸೋರುತ್ತಿದೆ’ ಎಂದು ಪತ್ರ ಬರೆದರೆ ಅದಕ್ಕೆ ಉತ್ತರ ಬರೆಯುವವಳು ನಾನು. ಹದಿನಾಲ್ಕು ವರ್ಷದಲ್ಲಿ ಒಂದು ತಪ್ಪನ್ನೂ ಒಪ್ಪಿಕೊಂಡಿಲ್ಲ. ‘ನಮ್ಮಲ್ಲಿಂದ ಹೊರಡುವಾಗ ಸರಕು ಸುಸ್ಥಿತಿಯಲ್ಲಿತ್ತು, ಸಾಗಣೆಯಲ್ಲಿ ಏನಾದರೂ ಆಗಿರಬಹುದು’ ಎಂಬ ಸಾಲನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಇಂಥವಳಿಗೆ ರಾಜತಾಂತ್ರಿಕತೆ ಕಲಿಸುವುದು ಯಾರಿಂದ ಸಾಧ್ಯ?

ಚೈತ್ರಾಳ ಸಮಿತಿಯ ಮುಂದಿದ್ದ ವಿಷಯ ನೀರು. ಚಾಡ್ ದೇಶದ ಅಂಚಿನಲ್ಲಿ ಅದೇ ಹೆಸರಿನ ಒಂದು ದೊಡ್ಡ ಸರೋವರವಿದೆ. ಅದರ ದಡವನ್ನು ನಾಲ್ಕು ದೇಶಗಳು ಹಂಚಿಕೊಂಡಿವೆ. ಒಂದು ಕಾಲಕ್ಕೆ ಸಮುದ್ರದಂತಿದ್ದದ್ದು ಈಗ ಬಹಳ ಚಿಕ್ಕದಾಗಿದೆ. ಉಳಿದ ನೀರನ್ನು ಹೇಗೆ ಹಂಚಿಕೊಳ್ಳಬೇಕು ಎನ್ನುವುದು ಪ್ರಶ್ನೆ.

ಅವಳು ಇನ್ನೂ ಪುಸ್ತಕ ತಿರುವುತ್ತಿರುವಾಗಲೇ ನಾನು ಪೇಪರ್ ಮುಗಿಸಿದೆ. ‘ಸರೋವರ ಬತ್ತಲು ನಮ್ಮ ದೇಶ ಯಾವ ರೀತಿಯಲ್ಲೂ ಕಾರಣವಲ್ಲ. ನಮ್ಮ ದಡದಲ್ಲಿದ್ದಷ್ಟು ಹೊತ್ತು ನೀರು ಸುಸ್ಥಿತಿಯಲ್ಲಿತ್ತು. ನೆರೆಯ ದೇಶಗಳು ಅದನ್ನು ಸರಿಯಾಗಿ ನಿರ್ವಹಿಸಿಲ್ಲವೆಂಬ ಬಲವಾದ ಅನುಮಾನ ನಮಗಿದೆ. ಆದ್ದರಿಂದ ಮಾನ್ಯ ವಿಶ್ವಸಂಸ್ಥೆಯವರು ಸ್ಥಳ ಪರಿಶೀಲನೆ ನಡೆಸಿ ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’ ಚೈತ್ರಾ ಮುಖ ಸಿಂಡರಿಸಿಕೊಂಡೇ ಇಂಗ್ಲಿಷಿಗೆ ಇಳಿಸಿ ಶಾಲೆಯಲ್ಲಿ ಕೊಟ್ಟಳು.

ಶನಿವಾರ ಶಾಲೆಯಿಂದ ಕರೆ ಬಂತು. ಸಮಾಜ ಪಾಠದ ಶೈಲಜಾ ಮೇಡಂ ನನ್ನನ್ನು ಮಕ್ಕಳ ಬೆಂಚಿನಲ್ಲೇ ಕೂರಿಸಿದರು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು.

“ಇದು ನೀವು ಬರೆದದ್ದಲ್ವಾ ಮೇಡಂ?”

“ಇಲ್ಲ, ಅವಳೇ... ನಾನು ಸ್ವಲ್ಪ ನೋಡ್ದೆ ಅಷ್ಟೇ.”

“‘ಸುಸ್ಥಿತಿಯಲ್ಲಿತ್ತು’ ಅಂತ ಒಂಬತ್ತನೇ ಕ್ಲಾಸ್ ಮಕ್ಕಳು ಯಾವ ಭಾಷೇಲೂ ಬರಿಯಲ್ಲ ಮೇಡಂ. ಇದು ಪೊಸಿಷನ್ ಪೇಪರ್ ಅಲ್ಲ, ಚಾಡಿ.” ಈ ಜೋಕ್ ಹನ್ನೆರಡನೇ ಸಲವೋ ಹದಿಮೂರನೇ ಸಲವೋ, ನನಗೆ ಲೆಕ್ಕ ತಪ್ಪಿತು. ಅವರು ನಗಲಿಲ್ಲ. “ದೇಶಕ್ಕೆ ಏನು ಕಷ್ಟ, ಇಲ್ಲಿವರೆಗೆ ಏನು ಮಾಡಿದೆ, ಈಗ ಏನು ಬೇಕು, ಇಷ್ಟಿದ್ರೆ ಪೇಪರ್ ಆಗುತ್ತೆ. ಏನು ಬಿಟ್ಟುಕೊಡುತ್ತೆ ಅನ್ನೋದೂ ಇದ್ರೆ ಒಳ್ಳೆ ಪೇಪರ್ ಆಗುತ್ತೆ. ನಿಮ್ಮದ್ರಲ್ಲಿ ಏನು ಬಿಟ್ಟುಕೊಟ್ಟಿದ್ದೀರಿ?”

ನಾನು ನೆನಪು ಮಾಡಿಕೊಂಡೆ. ಹದಿನಾಲ್ಕು ವರ್ಷದಲ್ಲಿ ಒಂದು ವಾಷರ್ ಕೂಡ ಬಿಟ್ಟುಕೊಟ್ಟವಳಲ್ಲ.

“ಸೋಮವಾರದೊಳಗೆ ಅವಳೇ ಬರೀಲಿ. ಇಲ್ಲಾಂದ್ರೆ ಬೇರೆಯವರನ್ನ ಕಳಿಸ್ತೀನಿ” ಎಂದರು ಮೇಡಂ.

ವಾಪಸು ಬರುವಾಗ ಚೈತ್ರಾ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆಯ ಮೆಟ್ಟಿಲು ಹತ್ತುವಾಗ ಒಮ್ಮೆಲೇ ತಿರುಗಿದಳು. “ಬರೆದಿದ್ದು ನೀನು, ಕ್ಲಾಸಲ್ಲಿ ಎಲ್ಲರ ಮುಂದೆ ನಿಂತಿದ್ದು ನಾನು. ನಂಗೆ ಬರಿಯಕ್ಕೆ ಬರಲ್ಲ ಅಂತಾನೇ ತಾನೇ ನೀನು ಬರೆದಿದ್ದು? ನಾನು ಹೋಗಲ್ಲ. ಚಾಡನ್ನ ಯಾರಿಗಾದ್ರೂ ಕೊಡ್ಲಿ.”

ಮಧುಗಿರಿಯ ಹುಲಿ ಬೀಗ ತೆಗೆಯುವ ನೆಪದಲ್ಲಿ ಚೀಲದಲ್ಲಿ ಕೈಯಾಡಿಸುತ್ತ ನಿಂತಿತು.

ಭಾನುವಾರ ಬೆಳಿಗ್ಗೆ ಅವಳು ಟೆರೇಸಿನಲ್ಲಿ ನೀರಿನ ಟ್ಯಾಂಕಿಗೆ ಒರಗಿ, ಖಾಲಿ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಬಟ್ಟೆ ಒಣಹಾಕುತ್ತ, ಒಂದೇ ಟವೆಲನ್ನು ಮೂರು ಸಲ ಝಾಡಿಸುತ್ತ ರಾಜಿಗೆ ದಾರಿ ಹುಡುಕುತ್ತಿದ್ದೆ. ಆಗ ಮನೆ ಓನರ್ ಗಂಗಣ್ಣ ಬಿಸಿಲು ಕಾಯಿಸಿಕೊಳ್ಳಲು ಮೇಲೆ ಬಂದರು. ಎಪ್ಪತ್ತು ದಾಟಿದ ಜೀವ. ಈ ಸುತ್ತಿನ ಹಳೆಯ ಒಕ್ಕಲು ಮನೆತನ. ಗದ್ದೆಯಿದ್ದ ಜಾಗದಲ್ಲಿ ಮೂರು ಕಟ್ಟಡ ಎಬ್ಬಿಸಿದ್ದರೂ ಟವೆಲು ಮಾತ್ರ ಇವತ್ತಿಗೂ ತಲೆಯ ಮೇಲೆ, ಬಯಲಿನಲ್ಲಿ ನಿಂತವರ ಹಾಗೆ.

“ಯಾಕವ್ವ, ಮುಖ ಇಂಗ್ ಮಾಡ್ಕೊಂಡು ಕುಂತಿದ್ದೀಯ?”

ನನ್ನ ಮೇಲಿನ ಸಿಟ್ಟಿಗೆ ಚೈತ್ರಾ ಅವರಿಗೆ ಎಲ್ಲವನ್ನೂ ಹೇಳಿದಳು. ಅವರು ಟವೆಲು ಬಿಚ್ಚಿ ಮತ್ತೆ ಸುತ್ತಿಕೊಂಡರು.

“ಅಂದ್ರೆ, ನಾಕು ಊರೋರು ಒಂದು ಕೆರೆಗೆ ಕಿತ್ತಾಡೋದು. ಅದ್ಕೆ ಕೋಟು ಯಾಕವ್ವ ಆಕ್ಕೋಬೇಕು?”

ನಿನ್ನೆಯಿಂದ ಮೊದಲ ಸಲ ಅವಳು ನಕ್ಕಳು. “ನಿಮ್ಮೂರಲ್ಲಿ ಹೇಗೆ ಹಂಚ್ಕೊಳ್ತಿದ್ರಿ ತಾತ?”

“ನಾವ್ ಎಲ್ಲಿ ಅಂಚ್ಕೊಂಡ್ವಿ? ನಮ್ ಕೈಗ್ ಬಿಟ್ಟಿದ್ರೆ ಒಡೆದಾಡಿ ಸಾಯ್ತಿದ್ವಿ. ನೀರುಗಂಟಿ ಅಂತ ಒಬ್ಬ ಇದ್ದ. ಕೆರೆ ತೂಬು ಎತ್ತೋದು, ಮುಚ್ಚೋದು ಅವ್ನೇ. ಯಾವ್ ಗದ್ದೆಗೆ ಎಷ್ಟೊತ್ತು ನೀರು ಅಂತ ಅವ್ನೇ ಯೋಳ್ಬೇಕು. ಗೌಡ ಆದ್ರೂ ಅಷ್ಟೇ, ಯಾರಾದ್ರೂ ಅಷ್ಟೇ. ಅವ್ನಿಗೆ ಆ ಕೆರೆ ಕೆಳ್ಗೆ ಒಂದಡಿ ಗದ್ದೆ ಇರ್ಲಿಲ್ಲ. ಅದ್ಕೇ ಅವ್ನ ಮಾತು ನಡೀತಿತ್ತು.”

“ಯಾರೂ ಮೋಸ ಮಾಡ್ತಿರ್ಲಿಲ್ವಾ?”

ಗಂಗಣ್ಣ ನನ್ನ ಕಡೆ ನೋಡಿದರು. ನಾನು ದಿಂಬಿನ ಕವರು ಹಿಂಡುತ್ತಿದ್ದೆ.

“ನಮ್ಮಪ್ಪಾನೇ ಮಾಡಿದ್ದ. ಮಳೆ ಕೈಕೊಟ್ಟ ವರ್ಸ, ಯಾರೂ ಇಲ್ದಿದ್ದಾಗ ಓಗಿ ತೂಬು ಎತ್ತಿಬಿಟ್ಟ. ನೀರುಗಂಟಿ ಬಂದು ಮುಚ್ಚಿ ಓದ, ಒಂದ್ ಮಾತೂ ಆಡ್ಲಿಲ್ಲ. ಅವ್ನಿಗೆ ಕೂಲಿ ಅಂದ್ರೆ ಸುಗ್ಗೀಲಿ ಎಲ್ಲಾರ್ ಕಣದಾಗೂ ಒಂದೊಂದ್ ಮೊರ ಕಾಳು. ಆ ಸುಗ್ಗಿಗೆ ಎಲ್ಲಾರ್ ಕಣಕ್ಕೂ ಬಂದ, ನಮ್ ಕಣಕ್ ಬರ್ಲಿಲ್ಲ. ಊರೆಲ್ಲ ನೋಡ್ತಾ ಐತೆ! ಮೂರು ದಿನ ತಡ್ಕೊಂಡ ನಮ್ಮಪ್ಪ. ನಾಕ್ನೇ ದಿನ ತಾನೇ ಕಾಳು ಒತ್ಕೊಂಡು ಅವ್ನ ಗುಡ್ಲತ್ರ ಓದ. ನಾನೂ ಇಂದೆ ಓದೆ. ನಮ್ಮಪ್ಪ ಯಾರ್ ಮುಂದೇನೂ ತಲೆ ತಗ್ಗಿಸಿದ್ದು ನಾನ್ ನೋಡಿರ್ಲಿಲ್ಲ.”

ಚೈತ್ರಾ ಬರೆದುಕೊಳ್ಳತೊಡಗಿದ್ದಳು. ನಾನು ಮೆಲ್ಲಗೆ ಉಸಿರು ಬಿಟ್ಟೆ. ಅಷ್ಟರಲ್ಲಿ ಅವಳು ಪೆನ್ನು ಎತ್ತಿ ಕೇಳಿಯೇಬಿಟ್ಟಳು.

“ಈಗ ಆ ಕೆರೆ ಎಲ್ಲಿದೆ ತಾತ? ಯಾರು ಮುಚ್ಚಿದ್ರು?”

ನಾನು ಒದ್ದೆ ಲುಂಗಿಯ ಮರೆಯಿಂದ ಕಣ್ಣಲ್ಲೇ ಗದರಿಸಿದೆ. ಬಾಡಿಗೆಗಿರುವವರು ಓನರಿಗೆ ಕೇಳುವ ಪ್ರಶ್ನೆಯೇ ಇದು? ಗಂಗಣ್ಣ ಪೀಣ್ಯದ ಚಿಮಣಿಗಳ ಕಡೆ ತಿರುಗಿದರು.

“ಯಾರು ಅಂತ ಯೋಳ್ಲವ್ವ. ಮನೆಮನೆಗೆ ಬೋರ್‌ವೆಲ್ ಬಂತು, ಕೆರೆ ಯಾಕ್ ಬೇಕು ಅಂದ್ರು. ಒಬ್ಬ ಒಂದು ಲೋಡು ಮಣ್ ಆಕ್ದ. ಅವ್ನು ಆಕ್ದ ಅಂತ ಇನ್ನೊಬ್ಬ ಆಕ್ದ. ನಾನೂ ಆಕ್ದೆ.” ಮೆಟ್ಟಿಲ ಕಡೆ ಹೊರಟವರು ತಿರುಗಿ ಹೇಳಿದರು, “ಒಂದಲ್ಲ. ಆರು ಲೋಡು.”

ಅವರು ಇಳಿದು ಹೋದ ಮೇಲೆ ಚೈತ್ರಾ ಮಧ್ಯಾಹ್ನದವರೆಗೆ ಅಲ್ಲಿಂದ ಏಳಲಿಲ್ಲ. ಊಟಕ್ಕೆ ಬಂದಾಗ ಪೇಪರ್ ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. ಮೊದಲ ಸಾಲನ್ನು ಓದಿ ನನಗೆ ಅನ್ನ ನೆತ್ತಿಗೇರಿತು. ‘ಸರೋವರ ಚಿಕ್ಕದಾದದ್ದರಲ್ಲಿ ನಮ್ಮ ಪಾಲೂ ಇದೆ.’

“ಯಾರಾದ್ರೂ ಮೊದಲನೇ ಸಾಲಲ್ಲೇ ತಪ್ಪು ಒಪ್ಕೊಳ್ತಾರೇನೇ? ನಮ್ಮ ಫ್ಯಾಕ್ಟರೀಲಿ ಹೀಗೆ ಬರೆದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು.”

“ಇದು ಫ್ಯಾಕ್ಟರಿ ಅಲ್ಲಮ್ಮ, ದೇಶ.”

ಉಳಿದದ್ದನ್ನು ಓದಿದೆ. ದೇಶಕ್ಕೆ ಸಮುದ್ರವಿಲ್ಲ, ಮೀನುಗಾರರಿಗೂ ದನ ಮೇಯಿಸುವವರಿಗೂ ಆ ಸರೋವರವೇ ಗತಿ ಎಂದು ಬರೆದಿದ್ದಳು. ನಾಲ್ಕೂ ದೇಶಗಳು ಸೇರಿ ಮಾಡಿಕೊಂಡ ಮಂಡಳಿಯೊಂದು ಈಗಾಗಲೇ ಇರುವುದನ್ನು ಹುಡುಕಿ ಸೇರಿಸಿದ್ದಳು. ಆ ಮಂಡಳಿಯ ಕೆಳಗೆ, ಯಾವ ದಡದಲ್ಲೂ ಹೊಲವಿಲ್ಲದ ಒಬ್ಬ ನೀರುಗಂಟಿ ಇರಲಿ, ನೀರಳೆದು ಎಲ್ಲರೆದುರು ಹೇಳುವ ಹಕ್ಕು ಅವನಿಗಿರಲಿ ಎಂಬುದು ಬೇಡಿಕೆ. ನೀರು ಕಡಿಮೆಯಾದ ವರ್ಷ ನಮ್ಮ ದೊಡ್ಡ ಹೊಲಗಳ ಕಾಲುವೆಯನ್ನು ನಾವೇ ಮೊದಲು ಮುಚ್ಚುತ್ತೇವೆ ಎಂಬುದು ಬಿಟ್ಟುಕೊಟ್ಟದ್ದು. ‘ನೀರುಗಂಟಿ’ಗೆ ಇಂಗ್ಲಿಷ್ ಪದ ಸಿಗದೆ ಹಾಗೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು. ‘ವಾಲ್ವ್‌ಮನ್’ ಅಂತ ಹಾಕು ಎಂದು ನನ್ನ ವೃತ್ತಿಧರ್ಮ ಸೂಚಿಸಿತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೋಮವಾರ ಶೈಲಜಾ ಮೇಡಂ ಅದನ್ನು ಎರಡು ಸಲ ಓದಿ, ಒಂದು ಅಲ್ಪವಿರಾಮ ಹಾಕಿ ಕಳಿಸಿದರಂತೆ.

ಸ್ಪರ್ಧೆ ವೈಟ್‌ಫೀಲ್ಡಿನ ಒಂದು ದೊಡ್ಡ ಶಾಲೆಯಲ್ಲಿ. ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ, ಊರಿನ ಈ ತುದಿಯಿಂದ ಆ ತುದಿಗೆ ಹೋದೆವು. ಕೋಟಿನ ಸಮಸ್ಯೆಯನ್ನು ನಾನು ಬಗೆಹರಿಸಿದ್ದೆ. ತಪಾಸಣೆ ವಿಭಾಗದ ನನ್ನ ನೀಲಿ ಕೋಟನ್ನೇ ಹಿಡಿಸಿ ಹೊಲಿದು, ಜೇಬಿನ ಮೇಲಿದ್ದ ಕಂಪನಿಯ ಹೆಸರನ್ನು ಬಿಚ್ಚಿದ್ದೆ. ಹೊಲಿಗೆಯ ತೂತುಗಳು ಉಳಿದಿದ್ದವು. ಹತ್ತಿರದಿಂದ ನೋಡಿದರೆ ಚಾಡ್ ದೇಶದ ಪ್ರತಿನಿಧಿ ವಾಲ್ವ್ ಕಂಪನಿಯವಳೆಂದು ಓದಬಹುದಿತ್ತು.

ಅಪ್ಪ-ಅಮ್ಮಂದಿರಿಗೆ ಹಿಂದಿನ ಸಾಲು. ಮುಂದೆ ದೇಶಗಳು. ನಾನು ನೋಡಿದ ಯಾವ ಮದುವೆಯಲ್ಲೂ ಅಷ್ಟು ಟೈ ಇರಲಿಲ್ಲ. ಎಲ್ಲರೂ ಎಲ್ಲರನ್ನೂ ‘ಗೌರವಾನ್ವಿತ’ ಎಂದು ಕರೆದು ಆಮೇಲೆ ಬೈಯುತ್ತಿದ್ದರು. ನೈಜೀರಿಯಾ ಆಗಿದ್ದವನು ಆ ಕಡೆಯದೇ ಒಂದು ಶಾಲೆಯ ಎತ್ತರದ ಹುಡುಗ. ಅವನ ಇಂಗ್ಲಿಷು ಎಸ್ಕಲೇಟರಿನ ಹಾಗೆ, ನಿಂತಲ್ಲೇ ಮೇಲಕ್ಕೆ ಹೋಗುತ್ತಿತ್ತು. ಅವನು ಚೈತ್ರಾಳ ಪೇಪರನ್ನು ಕೈಯಲ್ಲಿ ಹಿಡಿದು ಮೊದಲ ಸಾಲನ್ನು ಗಟ್ಟಿಯಾಗಿ ಓದಿದ.

“ಗೌರವಾನ್ವಿತ ಚಾಡ್ ತಪ್ಪು ಒಪ್ಪಿಕೊಂಡಾಗಿದೆ. ಇನ್ನು ಚರ್ಚೆ ಯಾಕೆ? ಊಟಕ್ಕೆ ಏಳೋಣ.”

ಹಾಲ್ ನಕ್ಕಿತು. ನಾನು ಹೇಳಿರಲಿಲ್ಲವೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತು. ಚೈತ್ರಾ ಎದ್ದು ನಿಂತಳು. ಕೋಟಿನ ತೋಳನ್ನು ಮೇಲಕ್ಕೆ ಎಳೆದುಕೊಂಡಳು.

“ನಾವು ಎಷ್ಟು ಲೋಡು ಮಣ್ಣು ಹಾಕಿದ್ವಿ ಅಂತ ನಾವು ಹೇಳಿದ್ದೀವಿ” ಎಂದಳು, ಅವಳ ನಾಗಸಂದ್ರದ ಇಂಗ್ಲಿಷಿನಲ್ಲಿ. “ನೀವು ಎಷ್ಟು ಹಾಕಿದ್ರಿ?”

ಆ ಹಾಲಿನಲ್ಲಿ ಯಾರಿಗೂ ಯಾವ ಮಣ್ಣು, ಎಂಥ ಲೋಡು ಎಂದು ಗೊತ್ತಿರಲಿಕ್ಕಿಲ್ಲ. ಆದರೂ ಪ್ರಶ್ನೆ ಅರ್ಥವಾಯಿತು. ನೈಜೀರಿಯಾ ತನ್ನ ಹಾಳೆಗಳನ್ನು ತಿರುವಿತು. ಉತ್ತರ ಅದರಲ್ಲಿರಲಿಲ್ಲ. ಪಕ್ಕದ ಎರಡು ದೇಶಗಳು ತಮ್ಮೊಳಗೆ ಏನೋ ಪಿಸುಗುಟ್ಟಿದವು.

ಹುಡುಗ ಸುಲಭಕ್ಕೆ ಬಿಡುವವನಲ್ಲ. “ಸರಿ, ಈ ನೀರುಗಂಟಿ ಅನ್ನೋರು ಯಾರು? ಅವರಿಗೆ ಹೆಸರು ಇದೆಯಾ? ಅಥವಾ ಕಥೆಯಲ್ಲಿ ಬರೋ ಪ್ರಾಣಿಯಾ?”

ಚೈತ್ರಾ ತನ್ನ ಪೇಪರಿನಲ್ಲಿ ಆ ಸಾಲನ್ನು ಹುಡುಕಿ ನೋಡಿದಳು. “ಹೆಸರು ಗೊತ್ತಿಲ್ಲ. ಕೇಳ್ಕೊಂಡು ಬರ್ತೀನಿ” ಎಂದಳು.

ಈ ಸಲ ಹಾಲ್ ಇನ್ನೂ ಜೋರಾಗಿ ನಕ್ಕಿತು. ಹೇಳಲು ನಾಚಿಕೆ, ನಾನೂ ನಕ್ಕೆ. ಅವಳು ಹಿಂದಿರುಗಿ ನೋಡಿದಳು.

ಸಂಜೆ ನಿರ್ಣಯ ಮತಕ್ಕೆ ಬಂದಾಗ ಪಕ್ಕದ ಆ ಎರಡು ದೇಶಗಳು ಚಾಡ್ ಜೊತೆ ನಿಂತವು. ನೀರುಗಂಟಿಯ ಕಲಂ ಹೆಸರು ಬದಲಾಗದೆ ಒಳಗೆ ಸೇರಿತು. ಬಹುಮಾನ ಮಾತ್ರ ಎಸ್ಕಲೇಟರಿಗೇ ಹೋಯಿತು. ಅಧ್ಯಕ್ಷತೆ ವಹಿಸಿದ್ದ ಕಾಲೇಜು ಹುಡುಗಿ ಚೈತ್ರಾಳನ್ನು ಕರೆದು ಮೆತ್ತಗೆ ಹೇಳಿದಳು, “ನಿನ್ನ ಪೇಪರ್ ತುಂಬ ಚೆನ್ನಾಗಿತ್ತು ಕಣೆ. ಆದ್ರೆ ನಿಜವಾದ ದೇಶ ಯಾವತ್ತೂ ಹಾಗೆ ಒಪ್ಕೊಳ್ಳಲ್ಲ. ಅದಕ್ಕೆ ಮಾರ್ಕ್ಸ್ ಕೊಡಕ್ಕೆ ಆಗ್ಲಿಲ್ಲ.”

ಮೆಟ್ರೋದಲ್ಲಿ ಎರಡು ಸ್ಟೇಷನ್ನಿನವರೆಗೆ ನಾನು ತಡೆದುಕೊಂಡೆ. ಮೂರನೆಯದಕ್ಕೆ, “ನಾನು ಮೊದಲೇ ಹೇಳ್ದೆ” ಎಂದೆ.

“ನೀನು ಯಾಕಮ್ಮ ನಕ್ಕೆ?” ಎಂದಳು ಅವಳು.

ಬಾಗಿಲುಗಳು ಎಡಭಾಗದಲ್ಲಿ ತೆರೆಯುತ್ತವೆ ಎಂದು ರೈಲು ಹೇಳಿತು. ಹದಿನಾಲ್ಕು ವರ್ಷದಲ್ಲಿ ಎಷ್ಟೋ ಪತ್ರಗಳಿಗೆ ಉತ್ತರ ಬರೆದಿದ್ದೇನೆ. ಸಾಗಣೆಯಲ್ಲಿ ಏನೋ ಆಯಿತು ಎನ್ನಬಹುದಿತ್ತು.

“ತಪ್ಪಾಯ್ತು ಕಣೆ” ಎಂದೆ. ಹೇಳಿದ ಮೇಲೆ ಅಂಥದ್ದೇನೂ ಆಗಲಿಲ್ಲ, ಯಾರೂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮೆಜೆಸ್ಟಿಕ್ ಬರುವಷ್ಟರಲ್ಲಿ ಅವಳು ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಗಂಗಣ್ಣ ಟೆರೇಸಿಗೆ ಬರುವುದನ್ನೇ ಕಾಯುತ್ತಿದ್ದ ಚೈತ್ರಾ ಪೇಪರ್ ಹಿಡಿದು ಓಡಿದಳು. ಕಾಫಿ ಲೋಟ ಹಿಡಿದು ನಾನೂ ಹಿಂದೆ ಹೋದೆ. ಅವಳು ಇಡೀ ಪುಟವನ್ನು ಕನ್ನಡದಲ್ಲಿ ಹೇಳಿದಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ತಾತ, ಆ ನೀರುಗಂಟಿ ಹೆಸರೇನು?”

“ನೀರುಗಂಟಿ ಅಂತಾನೇ ಕರೀತಿದ್ವಿ.”

“ಅದು ಕೆಲಸ. ಹೆಸರು?”

ಗಂಗಣ್ಣ ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಕೆಳಗೆ ರಸ್ತೆಯಲ್ಲಿ ಗಾರೆ ಕೆಲಸದವರನ್ನು ಹತ್ತಿಸಿಕೊಂಡು ಟೆಂಪೋ ಹೋಯಿತು. ನಾನು ಕಾಫಿ ಮುಗಿಸಿದೆ.

“ಮುನಿಯ” ಎಂದರು ಕೊನೆಗೆ.

ಚೈತ್ರಾ ಪುಟದ ಅಂಚಿನಲ್ಲಿ, ನೀರುಗಂಟಿ ಎಂದಿದ್ದ ಸಾಲಿನ ಪಕ್ಕಕ್ಕೆ, ಇಂಗ್ಲಿಷಿನಲ್ಲಿ ಬರೆದಳು. ಗಂಗಣ್ಣನಿಗೆ ಇಂಗ್ಲಿಷ್ ಬಾರದು. ಆದರೂ ಬಗ್ಗಿ ನೋಡಿದರು.

“ಏನಂತ ಬರ್ದೆ?”

“ಮುನಿಯ ಅಂತ.”

“ಮುನಿಯಪ್ಪ ಅಂತ ಬರಿ ಕಣವ್ವ. ನಮ್ಮಲ್ಲಿ ಯಾರೂ ಅಂಗ್ ಕರೀಲಿಲ್ಲ. ನಾನೂ ಕರೀಲಿಲ್ಲ, ನನ್ಗಿಂತ ಎಷ್ಟ್ ದೊಡ್ಡೋನು. ನೀನಾರ ಬರಿ.”

ಅವಳು ಇನ್ನೂ ಮೂರು ಅಕ್ಷರ ಸೇರಿಸಿದಳು. ಗಂಗಣ್ಣ ಹಾಳೆಯನ್ನು ಈಸಿಕೊಂಡು ಬಿಸಿಲಿಗೆ ಹಿಡಿದರು. ಆ ಬರಹದ ಮೇಲೆ ಬೆರಳಿಟ್ಟು, ಮುನಿಯಪ್ಪನವರ ಹೆಸರು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ತೋರಿಸು ಎಂದು ಕೇಳಿದರು.